ಬೇಸಿಗೆಯ ಕೊನೆಯಲ್ಲಿ ಜೌಗು ನೆಲ: ಗರಿ ಓದಲು ಕಲಿಯುವ ಕಾಲ

ಇಲ್ಲಿ ಬೇಸಿಗೆಯ ಕೊನೆ ಅಂದರೆ ಯುರೋಪಿನಂಥ ಉತ್ತರದ ನಾಡುಗಳ ಜುಲೈ ಕೊನೆ ಮತ್ತು ಆಗಸ್ಟ್. ಹಕ್ಕಿಗಳ ಹಾಡು ಹೆಚ್ಚುಕಮ್ಮಿ ನಿಂತಿರುತ್ತದೆ, ಬಣ್ಣ ಮಂಕಾಗಿರುತ್ತದೆ. ಹಾಗಾಗಿ ಹೊಸಬರಿಗೆ ಬೇಜಾರಾಗುತ್ತದೆ. ನನಗೆ ಮಾತ್ರ ಕಲಿಯಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಬಣ್ಣ ನೋಡಿ ಹೆಸರು ಹೇಳುವ ಅಭ್ಯಾಸ ಈಗ ಕೈಕೊಡುತ್ತದೆ. ಗರಿಯನ್ನೇ ಓದಬೇಕಾಗುತ್ತದೆ.

ಬಾತುಗಳನ್ನೇ ನೋಡಿ. ಗಂಡುಗಳೆಲ್ಲ ಎಲ್ಲಿ ಹೋದವು ಅನಿಸುತ್ತದೆ. ಎಷ್ಟೋ ಗಂಡುಗಳು ಅಲ್ಲೇ ಇರುತ್ತವೆ. ಮರಿ ಮಾಡುವ ಕಾಲ ಮುಗಿದ ಮೇಲೆ ಚಂದದ ಗರಿ ಉದುರಿಸಿ, ಹೆಣ್ಣಿನ ಹಾಗೆ ಕಂದು ಬಣ್ಣಕ್ಕೆ ತಿರುಗಿರುತ್ತವೆ. ರೆಕ್ಕೆಯ ಹಾರುಗರಿಗಳೂ ಒಟ್ಟಿಗೇ ಉದುರುವುದರಿಂದ ಮೂರು-ನಾಲ್ಕು ವಾರ ಹಾರಲು ಆಗುವುದಿಲ್ಲ. ಹಾರಲಾಗದ ಹಕ್ಕಿ ಕಣ್ಣಿಗೆ ಬೀಳದಿದ್ದರೇ ಒಳ್ಳೆಯದು, ಅಲ್ವಾ? ಈ ಗೊಂದಲದಲ್ಲಿ ಕೊಕ್ಕು ನೋಡಿ. ಮಲ್ಲಾರ್ಡ್ ಗಂಡಿನ ಕೊಕ್ಕು ಹಳದಿ-ಹಸಿರಾಗಿಯೇ ಉಳಿಯುತ್ತದೆ. ಹೆಣ್ಣಿನದು ಕಿತ್ತಳೆ, ಅದರ ಮೇಲೆ ಕಪ್ಪು ಕಲೆ.

ಇನ್ನು ಗೊರವಗಳು, ಅಂದರೆ ಕೆಸರಿನ ಅಂಚಿನಲ್ಲಿ ಮೇಯುವ ಹಕ್ಕಿಗಳು. ಈ ಕಾಲದ ನಿಜವಾದ ಸೊಗಸು ಇವೇ. ನೀರು ಇಳಿದು ಕೆಸರು ಕಾಣುವ ಅಂಚಿನಲ್ಲಿ ಹುಡುಕಿ. ಕೆಲವು ಪಕ್ಷಿಧಾಮಗಳಲ್ಲಿ ಇವಕ್ಕಾಗಿಯೇ ನೀರು ಇಳಿಸುತ್ತಾರೆ. ಆರ್ಕ್‌ಟಿಕ್ ಕಡೆಯಿಂದ ಇವು ಒಂದೇ ಸಲ ಬರುವುದಿಲ್ಲ. ಕರ್ಲ್ಯೂ ಸ್ಯಾಂಡ್‌ಪೈಪರ್‌ನಲ್ಲಿ ಮರಿ ಸಾಕುವುದು ಹೆಣ್ಣು, ಹಾಗಾಗಿ ಗಂಡುಗಳು ಮೊದಲು ಹೊರಡುತ್ತವೆ. ಆಮೇಲೆ ಹೆಣ್ಣುಗಳು. ಆ ವರ್ಷದ ಮರಿಗಳು ಕೊನೆಗೆ ಬರುತ್ತವೆ. ಅಪ್ಪ-ಅಮ್ಮ ಆಗಲೇ ಹೋಗಿರುತ್ತಾರೆ! 2022ರಲ್ಲಿ ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ಗೊರವದ ಸುಮಾರು ಐದು ತಿಂಗಳ ಮರಿಯೊಂದು ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ ಸುಮಾರು 13,560 ಕಿ.ಮೀ. ಹಾರಿತು. 11 ದಿನ. ಇದನ್ನು ನೆನೆದಾಗಲೆಲ್ಲ ಕೆಸರಿನಲ್ಲಿ ಓಡಾಡುವ ಆ ಪುಟ್ಟ ಹಕ್ಕಿಗಳ ಮೇಲೆ ನನಗೆ ಗೌರವ ಉಕ್ಕುತ್ತದೆ.

ದೊಡ್ಡದೋ ಮರಿಯೋ ಅಂತ ಹೇಳುವುದು ಹೇಗೆ? ದೊಡ್ಡ ಹಕ್ಕಿಯ ಬೆನ್ನಿನ ಗರಿ ಸವೆದು, ಅಂಚು ಹರಿದಿರುತ್ತದೆ. ಮರಿಯದು ಹೊಚ್ಚ ಹೊಸದು. ಪ್ರತಿ ಗರಿಗೂ ತಿಳಿಬಣ್ಣದ ಅಂಚು, ಬೆನ್ನೆಲ್ಲ ಮೀನಿನ ಹುರುಪೆ ಜೋಡಿಸಿದ ಹಾಗೆ.

ಮೂರು ಗದ್ದೆಗೊರವಗಳಲ್ಲಿ ಎಲ್ಲರೂ ಎಡವುತ್ತಾರೆ. ಸುಮ್ನೆ ಬಾಯಿಪಾಠ ಮಾಡಬೇಡಿ, ಹಾರುವವರೆಗೆ ಕಾಯಿರಿ. ಗ್ರೀನ್ ಸ್ಯಾಂಡ್‌ಪೈಪರ್ ಹಾರಿದರೆ ಕಪ್ಪು-ಬಿಳುಪು, ರೆಕ್ಕೆಯ ಅಡಿಯೂ ಕಪ್ಪು. ವುಡ್ ಸ್ಯಾಂಡ್‌ಪೈಪರ್‌ನ ರೆಕ್ಕೆಯಡಿ ತಿಳಿಬಣ್ಣ, ಕಣ್ಣಿನ ಮೇಲೆ ಉದ್ದ ಬಿಳಿ ಹುಬ್ಬು, ಕಾಲು ಹಳದಿ ಛಾಯೆಯದು. ಕಾಮನ್ ಸ್ಯಾಂಡ್‌ಪೈಪರ್‌ಗೆ ಸೊಂಟದ ಮೇಲೆ ಬಿಳಿ ಇಲ್ಲ. ಬಾಲ ಕುಣಿಸುತ್ತಲೇ ಇರುತ್ತದೆ, ನೀರಿಗೆ ತಾಗುವಷ್ಟು ಕೆಳಗೆ ರೆಕ್ಕೆ ಪಟಪಟಿಸಿ ಹಾರುತ್ತದೆ.

ಏರೋಪ್ಲೇನ್ ಚಿಟ್ಟೆ ಜಾಸ್ತಿ ಇದ್ದರೆ ಆಕಾಶವನ್ನೂ ನೋಡುತ್ತಿರಿ. ಹಾಬಿ ಎಂಬ ಸಣ್ಣ ಚಾಣ ಅವನ್ನು ಕಾಲಿನಲ್ಲಿ ಹಿಡಿದು, ಹಾರುತ್ತಲೇ ತಿನ್ನುತ್ತದೆ.

ಬೆಳಕು ಬೆನ್ನ ಹಿಂದೆ ಇರುವಂತೆ ಕುಳಿತುಕೊಳ್ಳಿ, ಸಂಜೆಯಾಯಿತೆಂದು ಬೇಗ ಎದ್ದು ಹೋಗಬೇಡಿ. ವಲಸೆಗೆ ಮುಂಚೆ ಕವಲುತೋಕೆಗಳು ರಾತ್ರಿ ತಂಗಲು ಜೊಂಡಿಗೆ ಬರುತ್ತವೆ. ಮಬ್ಬುಗತ್ತಲಾಗುವವರೆಗೆ ಮೇಲೆ ಸುತ್ತಿ ಸುತ್ತಿ, ಆಮೇಲೆ ಒಮ್ಮೆಲೇ ಜೊಂಡಿನೊಳಗೆ ಸುರಿದುಬಿಡುತ್ತವೆ.