ಕೀಮೊಗೆ ಬಗ್ಗದ ಕ್ಯಾನ್ಸರ್‌ಗೆ ಗಿಡದ ಔಷಧಿ

ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯಿಂದ ಮುಂಬೈಗೆ ಚಿಕಿತ್ಸೆಗೆ ಬಂದವರು ನಾನು ಕನ್ನಡದವಳು ಎಂದು ತಿಳಿದ ಕೂಡಲೇ ಕೇಳುತ್ತಾರೆ: "ಮೇಡಂ, ಕೀಮೊ ಹತ್ತವಲ್ದು. ನಿತ್ಯಪುಷ್ಪದ ಎಲಿ ಕಷಾಯ ಕುಡಿಸಿದ್ರ ನಡೀತೈತೇನ್ರಿ?"

ಕ್ಯಾನ್ಸರ್ ಔಷಧಿಗಳ ಮೇಲೆ ಕೆಲಸ ಮಾಡುವ ನನಗೆ ಇದು ದಡ್ಡ ಪ್ರಶ್ನೆ ಅನಿಸುವುದಿಲ್ಲ. ಇಲ್ಲಿಯವರು ಸದಾಫುಲಿ ಎನ್ನುವ ಆ ಗಿಡದಿಂದಲೇ ವಿನ್‌ಕ್ರಿಸ್ಟೀನ್ ಎಂಬ ಔಷಧಿ ಬಂದಿದ್ದು. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಅದು ಇಂದಿಗೂ ಬೇಕೇ ಬೇಕು. ಆದರೆ ಒಂದು ಟನ್ ಒಣ ಎಲೆಯಿಂದ ಸಿಗುವುದು ಕೆಲವೇ ಗ್ರಾಂ. ಕಷಾಯದಲ್ಲಿ ಎಷ್ಟಿದೆ ಎಂದು ಯಾರೂ ಹೇಳಲಾರರು, ಹೆಚ್ಚಾದರೆ ನರಗಳಿಗೆ ಪೆಟ್ಟು.

ದೊಡ್ಡ ತೊಡಕು ಬೇರೆಯೇ ಇದೆ. ಎಷ್ಟೋ ಕ್ಯಾನ್ಸರ್ ಕೋಶಗಳು ತಮ್ಮ ಪೊರೆಯಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪನ್ನು ಜಾಸ್ತಿ ಮಾಡಿಕೊಳ್ಳುತ್ತವೆ. ಒಳಗೆ ಬಂದ ಔಷಧಿಯನ್ನು ಅದು ಹೊರಗೆ ತಳ್ಳುತ್ತದೆ. 1976ರಲ್ಲೇ ಇದು ಗೊತ್ತಾಗಿತ್ತು. ಈ ಪಂಪು ಹೊರಹಾಕುವ ಔಷಧಿಗಳಲ್ಲಿ ಗಿಡದಿಂದ ಬಂದವೇ ಹಲವು: ವಿನ್‌ಕ್ರಿಸ್ಟೀನ್, ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್. ಒಂದಕ್ಕೆ ಬಗ್ಗದ ಕೋಶ ಉಳಿದವಕ್ಕೂ ಬಗ್ಗದೆ ಹೋಗಬಹುದು. ಸೂಜಿಯಲ್ಲಿ ಕೊಟ್ಟ ಶುದ್ಧ ಔಷಧಿಯನ್ನೇ ಹೊರಗೆ ತಳ್ಳುವ ಕೋಶಕ್ಕೆ ಕಷಾಯ ಏನು ಮಾಡೀತು?

ಹಾಗಾದರೆ ಪಂಪನ್ನೇ ಕಟ್ಟಿಹಾಕಬಹುದಲ್ವಾ? ಪ್ರಯೋಗಾಲಯದಲ್ಲಿ ಆಗುತ್ತದೆ. ಬಿಪಿಗೆ ಕೊಡುವ ವೆರಪಾಮಿಲ್ ಅದನ್ನು ತಡೆಯಿತು, ಆದರೆ ಅದಕ್ಕೆ ಬೇಕಾದಷ್ಟು ಡೋಸ್ ಕೊಟ್ಟರೆ ಹೃದಯ ತಾಳುವುದಿಲ್ಲ. ಮೇಲಾಗಿ ಇದೇ ಪಂಪು ನಮ್ಮ ಕರುಳು, ಲಿವರ್, ಮೆದುಳನ್ನು ಕಾಯುತ್ತದೆ. ಕಾಳುಮೆಣಸಿನ ಪೈಪರಿನ್ ಕೂಡ ಅದನ್ನು ತಡೆಯಬಲ್ಲದು. ಅಡುಗೆಯ ಮೆಣಸಿಗೆ ಹೆದರಬೇಡಿ. ಆದರೆ ಪೈಪರಿನ್ ಸೇರಿಸಿದ ಅರಿಶಿನದ ಮಾತ್ರೆಯನ್ನು ಕೀಮೊ ಜೊತೆ ಸುಮ್ನೆ ನುಂಗಬೇಡಿ. ರಕ್ತದಲ್ಲಿ ಕೀಮೊ ಔಷಧಿಯ ಮಟ್ಟವೇ ಬದಲಾಗಬಹುದು. ಡಾಕ್ಟರಿಗೆ ಮೊದಲು ಹೇಳಿ.

ನನಗೆ ಭರವಸೆ ಇರುವುದು ಇನ್ನೊಂದು ದಾರಿಯ ಮೇಲೆ: ಗಿಡ ಕೊಟ್ಟ ಅಣುವನ್ನೇ ತಿದ್ದುವುದು. ಯೂ ಎಂಬ ಸದಾ ಹಸಿರಾದ ಮರದ ಎಲೆಯಿಂದ ತೆಗೆದ ಅಣುವಿನಿಂದ ಮಾಡಿದ ಕ್ಯಾಬಾಜಿಟ್ಯಾಕ್ಸೆಲ್ ಹಾಗೆ ಬಂದದ್ದು. ಡೋಸಿಟ್ಯಾಕ್ಸೆಲ್‌ನ ಎರಡು ಕಡೆ ಸಣ್ಣ ಬದಲಾವಣೆ, ಅಷ್ಟೇ. ಪಂಪು ಅದನ್ನು ಸುಲಭವಾಗಿ ಹಿಡಿಯುವುದಿಲ್ಲ. ಡೋಸಿಟ್ಯಾಕ್ಸೆಲ್ ಕೈಕೊಟ್ಟ ಪ್ರಾಸ್ಟೇಟ್ ಕ್ಯಾನ್ಸರ್‌ಗೆ 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪರೀಕ್ಷೆಯಲ್ಲಿ, ಹೋಲಿಸಿ ನೋಡಿದ ಔಷಧಿ ಪಡೆದವರ ಮಧ್ಯಮ ಆಯುಷ್ಯ (ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು ಬದುಕಿದರು) 12.7 ತಿಂಗಳು, ಇದನ್ನು ಪಡೆದವರದ್ದು 15.1. ಕಡಿಮೆ ಅನಿಸಬಹುದು, ಆದರೆ ಬೇರೆ ದಾರಿ ಮುಚ್ಚಿದ್ದವರಿಗೆ ಸಿಕ್ಕ ಸಮಯ ಅದು. ಇದರಿಂದ ಬಿಳಿ ರಕ್ತಕಣ ತುಂಬಾ ಇಳಿಯುತ್ತದೆ. ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಬೇಕು.