ಪೈಪ್ ಆಮೇಲೆ, ಮೊದಲು ಬ್ಯಾರೆಲ್ ಹೊರಳಿಸಿ

ಫೋರ್ಕ್‌ಲಿಫ್ಟ್ ಒಂದಿಷ್ಟು ಅತ್ತಿತ್ತ ಆದರೆ ಸಾಕು, ಇನ್ನೂರು ಲೀಟರಿನ ಬ್ಯಾರೆಲ್‌ಗೆ ತೂತು. ಹೈಡ್ರಾಲಿಕ್ ಎಣ್ಣೆ ಗೋಡೌನಿನ ನೆಲದ ಮೇಲೆ ಹರಿಯತೊಡಗುತ್ತದೆ. ಅಷ್ಟರಲ್ಲಿ ಯಾರೋ ಕೂಗುತ್ತಾರೆ, "ಲೋ, ಪೈಪ್ ತಗೊಂಡ್ ಬಾರೋ!"

ತಪ್ಪು ಅವರದ್ದಲ್ಲ. ಅಂಗಳವಾಗಲಿ, ಅಂಗಡಿ ಬಾಗಿಲಾಗಲಿ, ಕೊಳೆ ಕಂಡರೆ ನೀರು ಸುರಿದೇ ನಮಗೆ ಅಭ್ಯಾಸ. ಆದರೆ ಚೆಲ್ಲಿದ್ದನ್ನು ತೆಗೆಯುವುದನ್ನೇ ಕಸುಬು ಮಾಡಿಕೊಂಡವರು ಆ ಹೊತ್ತಿನಲ್ಲಿ ಪೈಪನ್ನು ಕಂಡರೆ ಬೆಚ್ಚುತ್ತಾರೆ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. 1 ಲೀಟರ್ ಎಣ್ಣೆ 1 ಮಿಲಿಮೀಟರ್ ದಪ್ಪಕ್ಕೆ ನಿಂತರೆ ಹಿಡಿಯುವ ಜಾಗ 1 ಚದರ ಮೀಟರ್. ಅದೇ ಎಣ್ಣೆ ನೀರಿನ ಮೇಲೆ ತೇಲಿ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ತೆಳ್ಳಗೆ ಹರಡಿದರೆ? 1,000 ಚದರ ಮೀಟರ್. ನಮ್ಮ ಅಳತೆಯಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ ಹತ್ತು ಗುಂಟೆ. ಒಂದು ಲೀಟರಿಗೆ! ಬಾಗಿಲು ದಾಟಿದ ನೀರು ಚರಂಡಿಗೆ ಹೋಗುತ್ತದೆ. ಬೆಂಗಳೂರಿನ ಪೀಣ್ಯದಲ್ಲಾದರೆ ಎಷ್ಟೋ ಚರಂಡಿಗಳ ನೀರು ವೃಷಭಾವತಿ ಸೇರುತ್ತದೆ. ಅಲ್ಲಿಂದ ಬೈರಮಂಗಲ ಕೆರೆ, ಅರ್ಕಾವತಿ, ಕೊನೆಗೆ ಕಾವೇರಿ.

ಹಾಗಾಗಿ ಕಸುಬಿನವರ ಮೊದಲ ಕೆಲಸ ಒರೆಸುವುದಲ್ಲ, ತೂತು ಮೇಲೆ ಬರುವ ಹಾಗೆ ಬ್ಯಾರೆಲನ್ನು ಹೊರಳಿಸುವುದು. ಕೇಳಿದರೆ ನಗು ಬರುತ್ತದೆ, ಅಷ್ಟು ಸುಲಭ. ಗಾಬರಿಯಲ್ಲಿ ಅದೇ ಮರೆತುಹೋಗುತ್ತದೆ. ಎರಡನೆಯದು, ಹತ್ತಿರದ ಚರಂಡಿಯ ಬಾಯಿ ಮುಚ್ಚುವುದು. ಮೂರನೆಯದು, ಹರಿಯುತ್ತಿರುವ ಎಣ್ಣೆಯ ಸುತ್ತ 'ಸಾಕ್ಸ್' ಇಡುವುದು. ಕಾಲಿಗೆ ಹಾಕುವುದಲ್ಲ, ಎಣ್ಣೆ ಹೀರುವ ವಸ್ತು ತುಂಬಿದ ಉದ್ದನೆಯ ಚೀಲ. ಗದ್ದೆಗೆ ಬದು ಕಟ್ಟಿದ ಹಾಗೆ. ಇಷ್ಟಾದ ಮೇಲೆ ಅಂಚಿನಿಂದ ನಡುವಿಗೆ ಒರೆಸುತ್ತಾ ಬರುತ್ತಾರೆ.

ಒರೆಸುವ ಬಿಳಿ ಪ್ಯಾಡಿನದ್ದೇ ಒಂದು ಕಥೆ. ಅದು ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್‌ನ ತೀರಾ ತೆಳ್ಳನೆಯ ಎಳೆಗಳ ಹಾಸು. ಕೋವಿಡ್ ಕಾಲದಲ್ಲಿ ಮೂಗಿಗೆ ಕಟ್ಟಿಕೊಂಡ ಸರ್ಜಿಕಲ್ ಮಾಸ್ಕ್‌ನ ನಡುವಿನ ಪದರವೂ ಇದೇ. ಈ ಪ್ಲಾಸ್ಟಿಕ್‌ನಲ್ಲಿ ಇರುವುದು ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ. ಪೆಟ್ರೋಲಿಯಂ ಎಣ್ಣೆಯೂ ಹೆಚ್ಚುಕಡಿಮೆ ಅದೇ ಕುಲ. ಆದ್ದರಿಂದ ಎಣ್ಣೆ ಎಳೆಗೆ ಅಂಟುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಎಳೆಗಳ ಸಂದಿಗೂ ಏರಿ ಅಲ್ಲೇ ನಿಲ್ಲುತ್ತದೆ. ನೀರಿನ ಕಣಗಳಿಗೆ ಒಂದನ್ನೊಂದು ಹಿಡಿದುಕೊಂಡಿರುವುದೇ ಇಷ್ಟ, ಪ್ಯಾಡಿನ ಕಡೆ ತಿರುಗಿಯೂ ನೋಡುವುದಿಲ್ಲ. ನೀರು ತುಂಬಿದ ಗುಂಡಿಯ ಮೇಲೆ ಈ ಪ್ಯಾಡ್ ತೇಲಿಬಿಟ್ಟರೆ ಎಣ್ಣೆಯನ್ನಷ್ಟೇ ಹೆಕ್ಕಿಕೊಳ್ಳುತ್ತದೆ.

ಲೇತ್ ಮೆಷಿನ್‌ಗೆ ಹಾಕುವ ಹಾಲಿನಂಥ ಕೂಲೆಂಟ್ ಚೆಲ್ಲಿದಾಗ ಮಾತ್ರ ಈ ಬಿಳಿ ಪ್ಯಾಡ್ ಸೋಲುತ್ತದೆ. ಅಲ್ಲಿ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ನೀರಿನೊಳಗೇ ಅಡಗಿ ಕೂತಿರುತ್ತದೆ ಅಲ್ವಾ? ಅದಕ್ಕೆ ಸಾಮಾನ್ಯವಾಗಿ ಬೂದು ಬಣ್ಣದ ಪ್ಯಾಡ್ ಬಳಸುತ್ತಾರೆ. ಪ್ಲಾಸ್ಟಿಕ್ ಅದೇ, ಆದರೆ ನೀರೂ ಹಿಡಿಯಲಿ ಅಂತ ಸಾಬೂನಿನಂಥ ರಾಸಾಯನಿಕ ಸವರಿರುತ್ತಾರೆ.

ನಮ್ಮ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಪ್ಯಾಡ್ ಎಲ್ಲಿ ಬಂತು, ಮರದ ಹೊಟ್ಟು ಹಾಕಿ ಗುಡಿಸುತ್ತಾರೆ. ಎಣ್ಣೆಗೆ ಅದು ಕೆಟ್ಟದ್ದೇನಲ್ಲ, ಬೆಂಕಿಯಿಂದ ದೂರ ಇಟ್ಟರೆ ಆಯಿತು. ಆದರೆ ಅದೇ ಕೈಯಲ್ಲಿ ನೈಟ್ರಿಕ್ ಆಸಿಡ್ ಮೇಲೂ ಹೊಟ್ಟು ಸುರಿದರೆ ಹೊಟ್ಟೇ ಹೊತ್ತಿಕೊಳ್ಳಬಹುದು.

ಆಸಿಡ್‌ಗೆ ನೀರು? ಅದು ಇನ್ನೂ ಅಪಾಯ. ನೀರು ಬೆರೆಸದ ಸಲ್ಫ್ಯೂರಿಕ್ ಆಸಿಡ್ ನೀರಿಗಿಂತ ಸುಮಾರು 1.8 ಪಟ್ಟು ಭಾರ. ಮೇಲೆ ಹಾಕಿದ ಸ್ವಲ್ಪ ನೀರು ಮೇಲೇ ಉಳಿದು, ಎರಡೂ ಸೇರುವ ಜಾಗದಲ್ಲಿ ಹುಟ್ಟುವ ಬಿಸಿಗೆ ಕುದಿದು, ಆಸಿಡ್‌ನ್ನೂ ಎತ್ತಿಕೊಂಡು ಮುಖಕ್ಕೆ ಸಿಡಿಯುತ್ತದೆ. ತಿಳಿದವರು ಒಣ ಮರಳಿನ ಕಟ್ಟೆ ಕಟ್ಟಿ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಸೋಡಾ ಆಶ್ ಅನ್ನುವ, ಆಸಿಡ್‌ನ ಉರಿ ಅಡಗಿಸುವ ಪುಡಿ ಉದುರಿಸುತ್ತಾರೆ. ನೊರೆ ಬರುತ್ತಿದ್ದರೆ ಆಸಿಡ್ ಇನ್ನೂ ಇದೆ ಅಂತ ಅರ್ಥ. ನೊರೆ ನಿಂತ ಮೇಲೂ ಲಿಟ್ಮಸ್ ಥರದ ಕಾಗದ ಅದ್ದಿ ನೋಡದೆ ಬಿಡುವುದಿಲ್ಲ.

ಯಾವುದಕ್ಕೆ ಏನು ಹಾಕಬೇಕು ಅನ್ನುವುದು ಗುಟ್ಟೇನಲ್ಲ. ರಾಸಾಯನಿಕದ ಜೊತೆ ಬರುವ ಎಂಎಸ್‌ಡಿಎಸ್ ಅನ್ನುವ ಸುರಕ್ಷತಾ ಮಾಹಿತಿ ಹಾಳೆಯಲ್ಲಿ 16 ಭಾಗಗಳಿರುತ್ತವೆ, ಆರನೆಯದು ಚೆಲ್ಲಿದಾಗ ಏನು ಮಾಡಬೇಕು ಅನ್ನುವುದಕ್ಕೇ ಮೀಸಲು. ಎಷ್ಟೋ ಕಡೆ ಅದು ಆಫೀಸಿನ ಬೀರುವಿನಲ್ಲಿ ಫೈಲಾಗಿ ಕೂತಿರುತ್ತದೆ. ಬೀರುವಿಗೆ ಬೀಗ ಬೇರೆ!

ಒರೆಸಿದ ಪ್ಯಾಡುಗಳನ್ನು ಕಸದ ಗಾಡಿಗೆ ಹಾಕುವ ಹಾಗಿಲ್ಲ. ಎಣ್ಣೆ ಹತ್ತಿದ ಬಟ್ಟೆಯೂ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯವೇ. ಅಚ್ಚುಕಟ್ಟಿನ ತಂಡವಾದರೆ ಕಳಿಸುವ ಮೊದಲು ತೂಗಿ ನೋಡುತ್ತದೆ. ಬ್ಯಾರೆಲ್‌ನಿಂದ 40 ಲೀಟರ್ ಹೋಗಿದೆ ಅನ್ನಿ. ಅಂದರೆ ಸುಮಾರು 35 ಕಿಲೋ. ಪ್ಯಾಡುಗಳ ಒಣ ತೂಕ ಕಳೆದರೆ ಸಿಕ್ಕಿದ್ದು 31 ಕಿಲೋ. ಚರಂಡಿ ಮುಚ್ಚಿತ್ತು, ಬಾಗಿಲು ದಾಟಿಲ್ಲ. ಮಿಕ್ಕ ನಾಲ್ಕು ಕಿಲೋ ಎಲ್ಲಿ?

ಕಾಲ ಕೆಳಗೆ. ಕಾಂಕ್ರೀಟ್ ನೋಡುವುದಕ್ಕೆ ಕಲ್ಲಿನಂತಿದ್ದರೂ ಅದರ ತುಂಬ ಕಣ್ಣಿಗೆ ಕಾಣದ ಸಂದಿಗಳು. ಎಣ್ಣೆ ಅಲ್ಲಿಗೆ ಇಳಿದಿರುತ್ತದೆ. ಮೇಲೆ ಬಣ್ಣ ಹೊಡೆದರೆ ಅಂಟುವುದಿಲ್ಲ, ಕೆಲವೇ ವಾರಗಳಲ್ಲಿ ಏಳಬಹುದು. ಅದಕ್ಕೇ ಹೀರುವ ಪುಡಿಯನ್ನು ದ್ರಾವಕದಲ್ಲಿ ಕಲಸಿ, ಉಳುಕಿಗೆ ಪಟ್ಟು ಹಾಕಿದ ಹಾಗೆ ಕಲೆಯ ಮೇಲೆ ಮೆತ್ತುತ್ತಾರೆ. ಒಣಗುತ್ತಾ ಅದು ಒಳಗಿನ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ. ಒಂದೇ ಸಲಕ್ಕೆ ಪೂರ್ತಿ ಬರುವುದು ಅಪರೂಪ. ಕೆರೆದು ತೆಗೆದು, ಮತ್ತೆ ಕಲಸಿ, ಮತ್ತೆ ಮೆತ್ತುತ್ತಾರೆ.