ಕೆಲಸ ಮುಗಿಸಿ ಕರಗುವ ಸಿಲಿಕಾನ್ ಕಣ

ಔಷಧ ಹೊರಲು ಇಲ್ಲವೇ ಗಡ್ಡೆಯನ್ನು ಬೆಳಗಿ ತೋರಿಸಲು ಕ್ಯಾನ್ಸರ್ ಗಡ್ಡೆಯತ್ತ ಅತಿಸೂಕ್ಷ್ಮ ನ್ಯಾನೊ ಕಣಗಳನ್ನು ಕಳಿಸುವ ಸುದ್ದಿ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಒಂದು ಪ್ರಶ್ನೆಗೆ ಉತ್ತರವನ್ನು: ಆಮೇಲೆ ಅವು ಏನಾಗುತ್ತವೆ?

ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಮೂತ್ರಪಿಂಡ ಸೋಸಿ ಹೊರಹಾಕುವುದು ಸುಮಾರು 5.5 ನ್ಯಾನೊಮೀಟರ್‌ಗಿಂತ ಚಿಕ್ಕ ಕಣಗಳನ್ನು ಮಾತ್ರ. ಅಷ್ಟು ಚಿಕ್ಕದಾದರೆ ಗಡ್ಡೆ ತಲುಪುವ ಮೊದಲೇ ಮೂತ್ರದಲ್ಲಿ ಹೋಗಿಬಿಡುತ್ತವೆ, ಹೆಚ್ಚು ಔಷಧವನ್ನೂ ಹೊರಲಾರವು. ದೊಡ್ಡದಾದರೆ ಯಕೃತ್ತು, ಗುಲ್ಮಗಳಲ್ಲಿ ಸೇರಿಕೊಂಡು ತಿಂಗಳುಗಟ್ಟಲೆ ಉಳಿಯಬಹುದು. ಪ್ರಖರವಾಗಿ ಹೊಳೆಯುವ ನ್ಯಾನೊ ಹರಳುಗಳಾದ ಕ್ವಾಂಟಮ್ ಡಾಟ್‌ಗಳಲ್ಲಿ ಹಲವು ಕ್ಯಾಡ್ಮಿಯಮ್‌ನಿಂದ ಮಾಡಿದವು. ಅಂಥ ವಿಷಲೋಹ ಒಳಗೇ ಉಳಿಯುವುದೆಂದರೆ ಆತಂಕವೇ.

ಈ ಇಕ್ಕಟ್ಟಿಗೆ ನಾನು ಕಂಡ ಅತ್ಯಂತ ಸೊಗಸಾದ ಪರಿಹಾರ 2009ರದು. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈಕೆಲ್ ಸೈಲರ್, ಅಮೆರಿಕದ್ದೇ ಆದ ಎಂಐಟಿ ಸಂಸ್ಥೆಯ ಸಂಗೀತಾ ಭಾಟಿಯಾ ಮತ್ತು ಸಂಗಡಿಗರು ಅದನ್ನು 'ನೇಚರ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ಕಂಪ್ಯೂಟರ್ ಚಿಪ್‌ಗಳ ಸಿಲಿಕಾನನ್ನೇ. ಅದರ ಬಿಲ್ಲೆಯನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿಟ್ಟು ವಿದ್ಯುತ್ ಹರಿಸಿದರೆ ಸೂಕ್ಷ್ಮ ರಂಧ್ರಗಳು ಕೊರೆಯಲ್ಪಡುತ್ತವೆ. ಆ ಪದರವನ್ನು ಶ್ರವಣಾತೀತ ತರಂಗಗಳಿಂದ ಒಡೆದರೆ ನೂರು ನ್ಯಾನೊಮೀಟರ್ ಆಸುಪಾಸಿನ, ಜೇನುಹುಟ್ಟಿನಂತೆ ತೂತುತೂತಾದ ಕಣಗಳು ಸಿಗುತ್ತವೆ. ತೂತುಗಳಲ್ಲಿ ಡಾಕ್ಸೊರುಬಿಸಿನ್‌ನಂಥ ಕ್ಯಾನ್ಸರ್ ಔಷಧ ತುಂಬಬಹುದು.

ಸಾಮಾನ್ಯ ಸಿಲಿಕಾನ್ ಬೆಳಕು ಸೂಸುವುದರಲ್ಲಿ ತೀರಾ ಹಿಂದೆ. ಆದರೆ ಕೆಲವೇ ನ್ಯಾನೊಮೀಟರ್ ದಪ್ಪಕ್ಕೆ ಇಳಿದಾಗ ಅದು ಕೆಂಪಗೆ ಬೆಳಗುತ್ತದೆ ಎಂದು ಇಂಗ್ಲೆಂಡಿನ ಲೀ ಕ್ಯಾನಮ್ 1990ರಲ್ಲೇ ತೋರಿಸಿದ್ದರು. ಈ ಕಣಗಳಲ್ಲಿ ತೂತುಗಳ ನಡುವಿನ ಗೋಡೆಗಳು ಅಷ್ಟೇ ತೆಳು. ಅವುಗಳ ಹೊಳಪು ಕಣ್ಣಿಗೆ ಕಾಣದ ಅವಕೆಂಪಿನ ಅಂಚಿಗೂ ಚಾಚುತ್ತದೆ. ರಕ್ತ ಆ ಬೆಳಕನ್ನು ಕಡಿಮೆ ಹೀರುವುದರಿಂದ ಚರ್ಮದಾಚೆಯಿಂದಲೂ ಕ್ಯಾಮೆರಾ ಅದನ್ನು ಹಿಡಿಯಬಲ್ಲದು. ಬೇರೆ ಬಣ್ಣದ್ರವ್ಯ ಅಂಟಿಸಬೇಕಿಲ್ಲ. ಔಷಧ ಹೊರುವ ಮೈಯೇ ದೀಪ.

ನೀರಿನಲ್ಲಿ ಈ ಕಣ ನಿಧಾನವಾಗಿ ಕರಗಿ ಆರ್ಥೋಸಿಲಿಸಿಕ್ ಆಮ್ಲವಾಗುತ್ತದೆ. ಕುಡಿಯುವ ನೀರು, ಧಾನ್ಯಗಳ ಮೂಲಕ ನಮ್ಮೊಳಗೆ ದಿನವೂ ಹೋಗುವ, ಮೂತ್ರಪಿಂಡ ಸಲೀಸಾಗಿ ಸಾಗಹಾಕುವ ಪುಟ್ಟ ಅಣು ಅದು. ಗಡ್ಡೆ ಮುಟ್ಟುವ ಮೊದಲೇ ಕರಗದಿರಲೆಂದು ಕಣಕ್ಕೆ ಡೆಕ್ಸ್‌ಟ್ರಾನ್ ಎಂಬ ಸಕ್ಕರೆ ಸರಪಳಿಯ ಹೊದಿಕೆ ಹಾಕಿದರು. ಇಲಿಗಳಲ್ಲಿ ಗಡ್ಡೆ ಹೊಳೆದು ಕಂಡಿತು. ನಾಲ್ಕು ವಾರಗಳಲ್ಲಿ ಅಂಗಾಂಗಗಳು ಬಹುಪಾಲು ತೆರವಾದವು, ವಿಷದ ಲಕ್ಷಣ ಕಾಣಲಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು: ಕಣ ಕರಗಿದಂತೆ ಹೊಳಪೂ ಇಳಿಯುತ್ತದೆ. ಹಾಗಾಗಿ ಕಣ ಬಂದದ್ದನ್ನಷ್ಟೇ ಅಲ್ಲ, ಹೊರಟದ್ದನ್ನೂ ಅದೇ ಚಿತ್ರ ತಿಳಿಸುತ್ತದೆ.

ಇಲಿಯ ಮೈ ತೆಳು, ಮನುಷ್ಯನದು ದಪ್ಪ. ಆಳದ ಗಡ್ಡೆಯಿಂದ ಈ ಬೆಳಕು ಹೊರಬರುವುದು ಕಷ್ಟ. ಇನ್ನೂ ದೊಡ್ಡ ತೊಡಕೆಂದರೆ ಗುರಿ ತಲುಪುವುದೇ. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಟೊರಾಂಟೊದ ತಂಡವೊಂದು 2016ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಚುಚ್ಚಿದ ನ್ಯಾನೊ ಕಣಗಳಲ್ಲಿ ಗಡ್ಡೆ ಸೇರಿದ್ದು ಮಧ್ಯಾಂಕದ (ಏರಿಕೆ ಕ್ರಮದಲ್ಲಿ ನಟ್ಟನಡುವೆ ಬರುವ ಸಂಖ್ಯೆ) ಲೆಕ್ಕದಲ್ಲಿ ಬರೀ 0.7%. ಮಿಕ್ಕವು ಬೇರೆಡೆ ಹೋದವು. ಗಡ್ಡೆಗೆ ಗುರಿಯಿಡುವ ಜಾಣ್ಮೆಯಷ್ಟೇ ಗಮನವನ್ನು ಕರಗುವ ಗುಣಕ್ಕೂ ಕೊಡಬೇಕೆಂದು ನಾನು ಹೇಳುವುದು ಆ ಉಳಿದ 99%ಕ್ಕಾಗಿ.